ದೋಣಿಯ ಮೇಲೆ ಕಾಫಿ ಇಲ್ಲ

ನಮ್ಮವರು ತೀರಿಕೊಂಡ ಮೇಲಿನ ಮೊದಲ ಫಸಲು ಮುಗಿಯುವ ಹೊತ್ತಿಗೆ, ಮಲ್ಲಂದೂರು ಕಡೆಯ ಹೋಮ್‌ಸ್ಟೇ ಮಾಲೀಕರೊಬ್ಬರು ಜಾವಳಿ ಹತ್ತಿರದ ನಮ್ಮ ಮನೆಗೆ ಬಂದರು. ಅವರಿಗೆ ನಮ್ಮ ದೋಣಿ ಬೇಕಿತ್ತು. ಕಡಲಿಗೆ ಇಳಿಸುವುದಕ್ಕಲ್ಲ, ಕಾಫಿ ತೋಟದ ನಡುವೆ ನಿಲ್ಲಿಸುವುದಕ್ಕೆ. ಒಳಗೆ ಹಾಸಿಗೆ ಹಾಕಿಸಿ, ಹಾಯಿಯ ಕಂಬಕ್ಕೆ ಬಣ್ಣದ ದೀಪ ಸುತ್ತಿಸಿ, ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಯೋಚನೆ ಅವರದು.

"ಬೆಟ್ಟದ ಮೇಲೆ ದೋಣಿಯಲ್ಲಿ ಮಲಗೋದು ಅಂದ್ರೆ ಜನ ಮುಗಿಬೀಳ್ತಾರೆ," ಎಂದರು.

ಜಗಲಿಯ ತುದಿಯಲ್ಲಿ ಕಾಳುಮೆಣಸು ಹಸನು ಮಾಡುತ್ತಿದ್ದ ನಮ್ಮ ಅತ್ತೆ ತಲೆಯೆತ್ತಿದರು. "ಮಲಗಿ ಎಂತ ಮಾಡ್ತಾರೆ?"

"ಫೋಟೋ ತೆಗೀತಾರೆ ಅಮ್ಮ."

"ಮಲಗಿದ್ದ ಹಾಗೇನಾ?"

ಅವರು ಜೋರಾಗಿ ನಕ್ಕರು. ಒಳ್ಳೆಯ ಮನುಷ್ಯ. ನಮ್ಮವರ ಮೇಲೆ ಪ್ರೀತಿಯಿದ್ದವರು, ನಮಗೆ ಉಪಕಾರವಾಗಲಿ ಎನ್ನುವ ಮನಸ್ಸೂ ಅವರಲ್ಲಿತ್ತು. ಮಳೆಗಾಲ ಹಿಡಿದರೆ ಘಾಟಿಯಲ್ಲಿ ದೋಣಿ ಹತ್ತಿಸುವುದು ಕಷ್ಟ, ಅದಕ್ಕೆ ಮೊದಲು ಒಂದು ಮಾತು ಹೇಳಿ ಎಂದರು. ನಾನು ಆಗಲೇ ಹೂಂ ಎನ್ನುವವಳಿದ್ದೆ. ಚುಕ್ಕಾಣಿ ಹಿಡಿಯುವವರೇ ಹೋದ ಮೇಲೆ ಕಡಲ ದಂಡೆಯಲ್ಲಿ ದೋಣಿ ಇಟ್ಟುಕೊಂಡು ಮಾಡುವುದೇನು?

ಚಿಕ್ಕಮಗಳೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು. "ಒಂದೇ ಒಂದು ಸಲ ನಾವು ಮೂವರೇ ಹೋಗಿ ಬರೋಣ ಅಮ್ಮ. ಆಗ್ಲಿಲ್ಲ ಅಂದ್ರೆ ಕೊಟ್ಟುಬಿಡು. ನಾನು ಒಂದು ಮಾತೂ ಆಡಲ್ಲ."

ಹೊರಗೆ ಬಂದು, ಯುಗಾದಿ ಕಳೆದ ಮೇಲೆ ಬನ್ನಿ ಎಂದು ಅವರನ್ನು ಕಳಿಸಿದೆ. ಆವತ್ತಿನಿಂದ ನನಗೆ ಎರಡು ದೋಣಿ ಕಾಣತೊಡಗಿದವು. ಒಂದು ದೀಪ ಸುತ್ತಿಕೊಂಡು ತೋಟದ ಸಿಲ್ವರ್ ಓಕ್ ಮರಗಳ ಕೆಳಗೆ ನಿಂತದ್ದು, ಇನ್ನೊಂದು ನೀರಿನ ಮೇಲಿರುವುದು. ಎರಡನೆಯದರಲ್ಲಿ ಚುಕ್ಕಾಣಿಯ ಹತ್ತಿರ ಯಾರೂ ಇರುತ್ತಿರಲಿಲ್ಲ.

ಬೆಟ್ಟದವರಿಗೆ ದೋಣಿ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ನಮ್ಮವರದು ಪಲ್ಪರ್ ರಿಪೇರಿಯ ಕೆಲಸ. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಫಸಲಿನ ತಿಂಗಳುಗಳಲ್ಲಿ ಕಳಸದಿಂದ ಚಿಕ್ಕಮಗಳೂರಿನವರೆಗೆ ಎಲ್ಲೆಲ್ಲಿಂದಲೋ ಫೋನು ಬರುತ್ತಿತ್ತು. ಮನೆಯಲ್ಲಿ ಉಣ್ಣುವುದೇ ಅಪರೂಪ. ಫಸಲು ಮುಗಿದ ಮೇಲೆ ಕೈಗೆ ಕೆಲಸವಿಲ್ಲ. ಅಂಥ ಒಂದು ಬೇಸಿಗೆಯಲ್ಲಿ ಬೇರಿಂಗ್ ತರಲು ಮಂಗಳೂರಿಗೆ ಹೋದವರು ಬಂದರಿನಲ್ಲಿ ಒಂದು ಹಾಯಿದೋಣಿ ನೋಡಿಕೊಂಡು ಬಂದರು. ಯಾವುದೋ ದೇಶದ ಗಂಡ ಹೆಂಡತಿ ಮಕ್ಕಳು ಅದರಲ್ಲೇ ಮನೆ ಮಾಡಿಕೊಂಡು ಊರೂರು ತಿರುಗುತ್ತಿದ್ದರಂತೆ.

"ಡೀಸೆಲ್ ಇಲ್ಲ, ಬೆಲ್ಟ್ ಇಲ್ಲ, ಸಪ್ಪಳ ಇಲ್ಲ ಮಾರಾಯ್ತಿ," ಎಂದರು ಊಟಕ್ಕೆ ಕೂತಾಗ. "ಬರೀ ಬಟ್ಟೆ."

ಜೀವಮಾನವೆಲ್ಲ ಯಂತ್ರದ ಪಕ್ಕದಲ್ಲಿ ನಿಂತು ಕಿವಿ ಮಂದವಾಗಿದ್ದ ಮನುಷ್ಯ ಹಾಗೆ ಹೇಳಿದಾಗ ನನಗೆ ನಗು ಬಂತು. ಆಮೇಲೆ ಯೋಚನೆಯೂ ಬಂತು. ಬಟ್ಟೆ ಅಂದರೆ ನನ್ನ ಕೆಲಸ. ಹತ್ತನೇ ತರಗತಿ ಮುಗಿಸಿ ಹೊಲಿಗೆ ಕಲಿತವಳು ನಾನು. ಊರಿನ ಅರ್ಧದಷ್ಟು ರವಿಕೆಗಳು ನನ್ನ ಯಂತ್ರದ ಕೆಳಗೆ ಹಾದು ಹೋಗಿವೆ.

ದೋಣಿ ಕಟ್ಟಿದ್ದು ನಮ್ಮ ಕಣದಲ್ಲಿ. ಕಾಫಿ ಒಣಗಿಸಲು ಸಿಮೆಂಟು ಹಾಕಿದ ಅಂಗಳವದು. ಊರಿನಲ್ಲಿ ಅಷ್ಟು ಸಮತಟ್ಟಾದ ಜಾಗ ಬೇರೆ ಸಿಗುವುದು ಕಷ್ಟ. ನಕ್ಷೆಯನ್ನು ಮೊಬೈಲಿನಲ್ಲಿ ನೋಡಿ, ಪಲ್ಪರ್ ಬಿಚ್ಚಿ ಜೋಡಿಸಿದ ಕೈಯಲ್ಲೇ ಅಳತೆ ಹಾಕಿದರು. ಪಕ್ಕೆಗಳಿಗೆ ಹೆಬ್ಬಲಸಿನ ಮರ, ಮೇಲೆ ಪ್ಲೈವುಡ್ಡು, ಅದರ ಮೇಲೆ ಅಂಟು. ಗಾಳಿಗೆ ಮಗುಚದಂತೆ ದೋಣಿಯ ತಳಕ್ಕೆ ಭಾರ ಬೇಕು ಎಂದು ಸವೆದು ಬಿಸಾಡಿದ ಪಲ್ಪರ್‌ಗಳ ಕಬ್ಬಿಣದ ಗಾಲಿಗಳನ್ನು ಎಸ್ಟೇಟ್‌ಗಳಿಂದ ಹೊತ್ತು ತಂದರು. ಹಾಗಾಗಿ ಅರ್ಧ ಜಿಲ್ಲೆಯ ಕಾಫಿ ಸುಲಿದ ಕಬ್ಬಿಣ ನಮ್ಮ ದೋಣಿಯ ಹೊಟ್ಟೆಯಲ್ಲಿದೆ. ಫಸಲು ಬಂದಾಗಲೆಲ್ಲ ಕೆಲಸ ನಿಲ್ಲುತ್ತಿತ್ತು. ದೋಣಿ ಬಿಟ್ಟ ಜಾಗದಲ್ಲಿ ಕಾಫಿ ಹರಡುತ್ತಿದ್ದೆವು.

"ಕಡಲು ಇರೋದು ಘಾಟಿ ಕೆಳಗೆ, ಇವನು ದೋಣಿ ಕಟ್ಟೋದು ಘಾಟಿ ಮೇಲೆ," ಎಂದು ಅತ್ತೆ ಕುಂಟೆಯಿಂದ ಕಾಫಿ ಎಳೆಯುತ್ತಾ ಗೊಣಗುತ್ತಿದ್ದರು. "ನಿನ್ನ ದೋಣಿ ನೆರಳಲ್ಲಿ ನನ್ನ ಕಾಫಿ ಒಣಗ್ತಿಲ್ಲ ಮಾರಾಯ. ಒಂದಿಷ್ಟು ಆಚೆ ದೂಡು."

"ಅಮ್ಮ, ಅದಕ್ಕೆ ಚಕ್ರ ಇಲ್ಲ."

"ಚಕ್ರ ಇಲ್ದೆ ಇರೋದನ್ನ ಎಂತಕ್ಕೆ ಮಾಡಿದೆ ಹಾಗಾದ್ರೆ?"

ಹಾಯಿ ಹೊಲಿದವಳು ನಾನು. ಬಟ್ಟೆಯನ್ನು ಅದೇ ಕಣದಲ್ಲಿ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗಾಳಿ ಜೋರಾದಾಗ ಹಾಯಿಯನ್ನು ಕೆಳಗಿನಿಂದ ಮಡಚಿ ಕಟ್ಟಿ ಚಿಕ್ಕದು ಮಾಡಬೇಕಂತೆ. ಅದಕ್ಕೆಂದು ಅಡ್ಡಕ್ಕೆ ಒಂದು ಸಾಲು ಲಾಡಿ ಇಟ್ಟು ಹೊಲಿದೆ. ಅತ್ತೆಗೆ ಅದು ತಟ್ಟನೆ ಅರ್ಥವಾಯಿತು. "ನಾಟಿಗೆ ಇಳಿವಾಗ ಸೀರೆ ಎತ್ತಿ ಕಟ್ತೀವಲ್ಲ, ಹಾಗೆ," ಎಂದರು. ಅರ್ಥವಾಗದ್ದು ಅದರ ಆಕಾರ. "ಮೂರೇ ಮೂಲೆ. ಇದನ್ನ ಯಾರು ಹೇಗೆ ಹೊದೀತಾರೆ?"

ಚಾರ್ಮಾಡಿ ಘಾಟಿಯಲ್ಲಿ ದೋಣಿ ಇಳಿದ ದಿನದ ಬಗ್ಗೆ ಮಗಳು ಈಗಲೂ ಗೆಳತಿಯರಿಗೆ ಹೇಳುತ್ತಾಳೆ. ಒಂದು ತಿರುವಿನಲ್ಲಿ ಲಾರಿ ಅರ್ಧ ತಿರುಗಿ ನಿಂತುಬಿಟ್ಟಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರುಗಳು. ಬಸ್ಸಿನವರೆಲ್ಲ ಇಳಿದು ಬಂದು ಸುತ್ತ ನಿಂತು ಸಲಹೆ ಕೊಡತೊಡಗಿದರು.

"ಏನ್ರೀ, ಇಲ್ಲೇ ಇಳಿಸಿಬಿಡಿ. ಜೂನ್ ತಿಂಗಳಲ್ಲಿ ತಾನಾಗಿ ತೇಲ್ಕೊಂಡು ಹೋಗತ್ತೆ!" ಎಂದು ಕಂಡಕ್ಟರು ಕೂಗಿದರು.

ನಮ್ಮವರೂ ಬಿಡಲಿಲ್ಲ. "ಆಗ ನಿಮ್ಮ ಬಸ್ಸೂ ತೇಲ್ತದೆ ಸಾರ್. ಒಟ್ಟಿಗೆ ಹೋಗೋಣ."

ಕೊನೆಗೆ ಆ ಬಸ್ಸಿನವರೇ ಹಗ್ಗ ಹಿಡಿದು, ಐಸಾ ಎಂದು ಕೂಗಿ, ದೋಣಿಯ ಮೂತಿ ತಿರುಗಿಸಿಕೊಟ್ಟರು. ಉಡುಪಿಯಿಂದಾಚೆ ಒಂದು ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಕಡೆ, ಮೀನುಗಾರ ಅಜ್ಜ ಒಬ್ಬರು ತಮ್ಮ ತೆಂಗಿನ ತೋಟದ ದಡದಲ್ಲಿ ದೋಣಿಗೆ ಜಾಗ ಕೊಟ್ಟರು. ಹಾಯಿ ನಂಬಿಕೊಂಡು ಅಳಿವೆ ದಾಟಬೇಡಿ ಎಂದು ಒಂದು ಸಣ್ಣ ಮೋಟಾರನ್ನೂ ಹಾಕಿಸಿದರು.

ಮೊದಲ ಬೇಸಿಗೆಯಲ್ಲೇ ನಾವು ಮಾಡಿದ ತಪ್ಪನ್ನು ಕರಾವಳಿಯವರು ಯಾರೂ ಮಾಡುತ್ತಿರಲಿಲ್ಲ. ಕಾಫಿ ಸೀಮೆಯವರಿಗೇ ಅದು ಸಾಧ್ಯ.

ಬೆಟ್ಟದಲ್ಲಿ ಮಳೆ ಹೇಳಿ ಬರುತ್ತದೆ. ಎದುರು ಗುಡ್ಡದ ಎಲೆಗಳ ಮೇಲೆ ಅದರ ಸದ್ದು ಮೊದಲೇ ಕೇಳುತ್ತದೆ. ಕೇಳಿದೊಡನೆ ಅನ್ನದ ಕೈಯಲ್ಲೇ ಎದ್ದು ಕಣಕ್ಕೆ ಓಡುವುದು, ಟರ್ಪಾಲಿನ ಮೂಲೆ ಹಿಡಿದು ಕಾಫಿಯ ಮೇಲೆ ಎಳೆಯುವುದು ನಮಗೆ ನಡಿಗೆ ಕಲಿತಷ್ಟೇ ಸಹಜ. ಕಡಲಿನಲ್ಲಿ ಎಲೆಗಳಿಲ್ಲ. ಆ ಸಂಜೆ ನಾಲ್ಕು ಹನಿ ಮುಖಕ್ಕೆ ಬಿದ್ದಾಗಲೇ ನಮಗೆ ಗೊತ್ತಾದದ್ದು.

"ಮಳೆ!" ಎಂದರು ಅತ್ತೆ.

ಅಷ್ಟು ಸಾಕಾಯಿತು. ಮಗಳು ಹಗ್ಗ ಬಿಚ್ಚಿದಳು. ನಾನು ತಂತಿಯ ಮೇಲಿನ ಬಟ್ಟೆ ಎಳೆದುಕೊಂಡಂತೆ ಹಾಯಿಯನ್ನು ಬರಬರ ಇಳಿಸಿದೆ. ನೆರಳಿಗೆಂದು ಇಟ್ಟುಕೊಂಡಿದ್ದ ನೀಲಿ ಟರ್ಪಾಲನ್ನು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ದೋಣಿಯ ಮೇಲೆ ಹಾಸಿ, ಅಂಚುಗಳನ್ನು ಒಳಕ್ಕೆ ಸಿಕ್ಕಿಸಿ, ಹಾರದಂತೆ ಮೇಲೆ ಪಾತ್ರೆಗಳನ್ನು ಇಟ್ಟೆವು. ಅತ್ತೆ ಅದೂ ಸಾಲದೆಂದು ಒಂದು ಅಂಚಿನ ಮೇಲೆ ತಾವೇ ಕೂತರು. ಒಂದು ಕಾಳೂ ನೆನೆಯಲಿಲ್ಲ ಎಂಬಂತೆ ಎಲ್ಲರಿಗೂ ಸಮಾಧಾನ. ನಮ್ಮವರು ಮುಖ ಒರೆಸಿಕೊಂಡು ನನ್ನ ಕಡೆ ನೋಡಿ ನಕ್ಕರು. ಆಮೇಲೆ ಅವರ ನಗು ನಿಂತಿತು.

"ಚುಕ್ಕಾಣಿ ಯಾರ ಹತ್ರ ಇದೆ?"

ಯಾರ ಹತ್ತಿರವೂ ಇರಲಿಲ್ಲ. ಅವರೂ ಒಂದು ಮೂಲೆ ಹಿಡಿದಿದ್ದರಲ್ಲ. ಹಾಯಿಯಿಲ್ಲದ ದೋಣಿಯನ್ನು ಗಾಳಿ ಕಲ್ಲಿನದೊಂದು ಪುಟ್ಟ ನಡುಗಡ್ಡೆಯ ಕಡೆ ನೂಕುತ್ತಿತ್ತು. ಆಮೇಲೆ ನಡೆದದ್ದು ಓಡಾಟ, ಕೂಗಾಟ. ಮೋಟಾರು ಹತ್ತುವವರೆಗೆ ಮಗಳೂ ನಾನೂ, ಹಲಸಿನಕಾಯಿ ಕೊಯ್ಯಲೆಂದು ಮನೆಯಲ್ಲಿದ್ದ ಉದ್ದನೆಯ ದೋಟಿಯನ್ನು ಕಲ್ಲಿಗೆ ಒತ್ತಿ ಹಿಡಿದು ನಿಂತಿದ್ದೆವು. ದೋಣಿಗೆ ದೋಟಿ ಎಂತಕ್ಕೆ ಎಂದು ನಾನೇ ತಕರಾರು ಮಾಡಿದ್ದೆ. ಅತ್ತೆ ಕೇಳದೆ ಹಾಕಿಸಿದ್ದರು.

ಅಳಿವೆಗೆ ಬಂದ ಮೇಲೆ ನಮ್ಮವರು ನಗಲು ಶುರು ಮಾಡಿದರು. ಎಷ್ಟು ನಕ್ಕರೆಂದರೆ ಮೀನುಗಾರ ಅಜ್ಜ ಮನೆಯಿಂದ ಹೊರಗೆ ಬಂದರು.

"ಎಂತ ಆಯ್ತು ಮಾರಾಯ್ರೆ?"

"ಕಾಫಿ ಉಳಿಸಿದ್ವಿ ಅಜ್ಜ."

"ಕಾಫಿಯಾ? ಕಡಲಲ್ಲಿ?"

"ಅದೇ ಮತ್ತೆ. ಇರಲಿಲ್ಲ."

ಅಂದಿನಿಂದ ಹನಿ ಬಿದ್ದಾಗಲೆಲ್ಲ ನಮ್ಮವರು ಚುಕ್ಕಾಣಿ ಬಿಡದೆ, "ಕಾಫಿ ಇಲ್ಲ! ದೋಣಿಯ ಮೇಲೆ ಕಾಫಿ ಇಲ್ಲ!" ಎಂದು ಕೂಗುತ್ತಿದ್ದರು. ಎದ್ದ ನಾವು ಕೂರುತ್ತಿದ್ದೆವು. ಅತ್ತೆಗೆ ಆ ಮಾತು ಸ್ವಲ್ಪವೂ ಸೇರುತ್ತಿರಲಿಲ್ಲ. "ಕಾಫಿ ಬೆಳೆಯೋರ ಬಾಯಲ್ಲಿ ಕಾಫಿ ಇಲ್ಲ ಅಂತ ಬರ್ತದಾ? ಬೇರೆ ಎಂತಾದ್ರೂ ಕೂಗು ಮಾರಾಯ, ಅಪಶಕುನ," ಎಂದು ಪ್ರತಿ ಸಲವೂ ಗದರಿಸುತ್ತಿದ್ದರು. ನಮ್ಮವರು ಕೇಳಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯೂ ನಾವು ದೋಣಿಯಲ್ಲೇ. ಉತ್ತರಕ್ಕೆ ಕಾರವಾರ, ಗೋವೆ. ದಕ್ಷಿಣಕ್ಕೆ ಕಾಸರಗೋಡು, ಕಣ್ಣೂರು, ಕೊಚ್ಚಿ. ಒಲೆ ಅಲುಗದಂತೆ ಅದನ್ನು ಸರಪಳಿಯಲ್ಲಿ ತೊಟ್ಟಿಲಿನ ಹಾಗೆ ತೂಗುಹಾಕಿದ್ದರು. ದೋಣಿ ಹೇಗೆ ವಾಲಿದರೂ ಅನ್ನದ ಪಾತ್ರೆ ನೇರವಾಗಿರುತ್ತಿತ್ತು. "ಮೊಮ್ಮಗಳನ್ನ ತೂಗಿದ್ದಾಯ್ತು, ಈಗ ಅನ್ನ ತೂಗೋದು," ಎನ್ನುತ್ತಿದ್ದರು ಅತ್ತೆ. ಅಕ್ಕಿರೊಟ್ಟಿ ಮಾತ್ರ ಕೊನೆಯವರೆಗೂ ದುಂಡಗೆ ಬರಲಿಲ್ಲ, ದೋಣಿ ವಾಲಿದ ಕಡೆ ಉದ್ದವಾಗುತ್ತಿತ್ತು. ಅದರ ಆಕಾರ ನೋಡಿ ಮಗಳು, ಇವತ್ತು ಗಾಳಿ ಯಾವ ಕಡೆಯದು ಎಂದು ಹೇಳುತ್ತಿದ್ದಳು. ಕ್ಯಾಬಿನ್ನಿನ ಮೇಲೆ ಅತ್ತೆ ಹಲಸಿನ ಹಪ್ಪಳ ಒಣಗಿಸಲು ನೋಡಿದರು. ಉಪ್ಪುಗಾಳಿಗೆ ಅವು ಒಣಗದೆ ಅಲ್ಲೇ ಅಂಟಿಕೊಂಡವು. ಬಣ್ಣ ಹೊಡೆಯುವಾಗ ಕೆರೆಯಲಾಗದೆ ಒಂದು ಹಪ್ಪಳದ ಮೇಲೆ ಹಾಗೆಯೇ ಬಣ್ಣ ಬಳಿದಿದ್ದಾರೆ, ಈಗಲೂ ಇದೆ.

ಮಗಳ ಪಿಯುಸಿ ಮುಗಿದ ವರ್ಷ ಅನುಮತಿ ಪಡೆದು ಲಕ್ಷದ್ವೀಪದ ಕಡೆ ಹೋದೆವು. ಸುತ್ತ ನೆಲ ಕಾಣದ ಮೊದಲ ಬೆಳಿಗ್ಗೆ ಅತ್ತೆ ಒಲೆ ಹಚ್ಚದೆ ಸುತ್ತಲೂ ನೋಡುತ್ತಾ ಕೂತಿದ್ದರು. ಭಯವಾಗುತ್ತದಾ ಎಂದು ಕೇಳಿದೆ.

"ಭಯ ಎಂತದ್ದು. ಒಂದು ಗುಡ್ಡ ಇಲ್ಲ ಕಣೆ. ಕಣ್ಣನ್ನ ಎಲ್ಲಿ ಇಡೋದು?"

ನನಗೂ ಹಾಗೇ ಆಗಿತ್ತು, ಮಾತು ಸಿಕ್ಕಿರಲಿಲ್ಲ. ದ್ವೀಪದ ಜನ ನಮ್ಮ ಬೆಲ್ಲದ ಕಾಫಿ ಕುಡಿದು, ನೀವು ಕಾಫಿ ಮಾರಲು ಬಂದವರಾ ಎಂದು ಕೇಳಿದರು. ಬೆಟ್ಟದಿಂದ ಬಂದವರು ಎಂದರೆ, ಬೆಟ್ಟ ಹೇಗಿರುತ್ತದೆ ಎಂದು ಒಬ್ಬ ಹೆಂಗಸು ವಿಚಾರಿಸಿದಳು. ನಮ್ಮವರು ಕೈಯೆತ್ತಿ, ಏಳುತ್ತಿರುವ ಅಲೆ ತೋರಿಸಿ, "ಅದೇ. ಆದ್ರೆ ಇಳಿಯಲ್ಲ," ಎಂದರು.

ಹೋದ ಮಳೆಗಾಲದಲ್ಲಿ ಕಳಸದ ಕಡೆ ಫಸಲಿಗೆ ಮುಂಚಿನ ರಿಪೇರಿ ಮುಗಿಸಿ ಬಂದವರು, ಎದೆ ಹಿಡಿದ ಹಾಗಾಗುತ್ತಿದೆ ಎಂದರು. ಮೂಡಿಗೆರೆ ಆಸ್ಪತ್ರೆ ತಲುಪುವಷ್ಟರಲ್ಲಿ ಇರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೂ ಕಾಲು ಓಡದ ದಿನಗಳಿದ್ದವು. ಆದರೆ ಅವರ ಬಗ್ಗೆ ಬರೆಯಲು ಕೂತಾಗ ಅಳುವಿಗಿಂತ ನಗು ಮೊದಲು ಬರುತ್ತದೆ, ನಾನೇನು ಮಾಡಲಿ.

ಯುಗಾದಿಯ ಮರುವಾರ ನಾವು ಮೂವರೂ ಅಳಿವೆಗೆ ಹೋದೆವು. ಪಕ್ಕದ ಅಳಿವೆಯವರೆಗೆ ಹೋಗಿ, ಅಲ್ಲಿ ರಾತ್ರಿ ಲಂಗರು ಹಾಕಿ, ಮಾರನೆ ದಿನ ವಾಪಸು ಬರುವುದು ನಮ್ಮ ಯೋಚನೆ. ಹಗ್ಗಗಳ ಕೆಲಸ ಮಗಳಿಗೆ ಚೆನ್ನಾಗಿ ಗೊತ್ತು. ಅತ್ತೆಗೆ ಒಲೆ. ಉಳಿದದ್ದು ಚುಕ್ಕಾಣಿ, ಅದು ನನ್ನ ಪಾಲಿಗೆ ಬಂತು. ನೀರು ಶಾಂತವಾಗಿದ್ದಾಗ ಎಷ್ಟೋ ಸಲ ಹಿಡಿದಿದ್ದೆ, ಆದರೆ ಆಗೆಲ್ಲ ಅವರು ಪಕ್ಕದಲ್ಲೇ ಇರುತ್ತಿದ್ದರು.

"ನಾನು ಬರ್ಬೇಕಾ ಅಕ್ಕ?" ಎಂದು ಅಜ್ಜ ಕೇಳಿದರು.

ಬನ್ನಿ ಎನ್ನಲು ಬಾಯಿ ತೆರೆದಿದ್ದೆ. ಮಗಳು ನನ್ನ ಕಡೆ ನೋಡಿದಳು. "ಬೇಡ ಅಜ್ಜ," ಎಂದೆ.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಚುಕ್ಕಾಣಿಯ ಹಿಡಿಯಲ್ಲಿ ಅವರ ಹೆಬ್ಬೆರಳಿನಿಂದ ಸವೆದ ಒಂದು ಗುಳಿಯಿದೆ. ನನ್ನ ಬೆರಳು ಅಲ್ಲಿಗೇ ಹೋಗಿ ಕೂರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾನು ಮಗಳಿಗೆ, ಆ ಹಗ್ಗ ಬಿಗಿ ಮಾಡು, ಇದು ಸಡಿಲ ಮಾಡು ಎಂದು ಹೇಳುತ್ತಿದ್ದೆ. "ಅಬ್ಬಾ, ಇವಳ ದರ್ಬಾರೇ!" ಎಂದರು ಅತ್ತೆ ಒಳಗಿನಿಂದ.

ಮಾರನೆ ದಿನ ವಾಪಸು ಬರುವಾಗ, ಮೂರು ಗಂಟೆಯ ಮೇಲೆ, ಘಟ್ಟದ ಸಾಲಿನ ಮೇಲೆ ಮೋಡ ಕಟ್ಟಿತು. ನನಗೆ ಗುರುತಿದ್ದ ಮೋಡ ಅದು. ಕಾಫಿ ಗಿಡಗಳಿಗೆ ಹೂ ಬಿಡಿಸುವ ನಮ್ಮದೇ ಬೇಸಿಗೆಯ ಮಳೆ. ಊರಿನಲ್ಲಾದರೆ ಅದಕ್ಕಾಗಿ ಕತ್ತೆತ್ತಿಕೊಂಡು ಕಾಯುತ್ತೇವೆ. ಇಲ್ಲಿ ಅದು ಬೆಟ್ಟ ಇಳಿದು ನಮ್ಮನ್ನೇ ಹುಡುಕಿಕೊಂಡು ಬರುತ್ತಿತ್ತು. ಗಾಳಿ ಒಮ್ಮೆ ಸತ್ತು, ಆಮೇಲೆ ನೆಲದ ಕಡೆಯಿಂದ ತಣ್ಣಗೆ ಬೀಸಿತು. ದೋಣಿ ವಾಲಿತು. ದೊಡ್ಡ ಹನಿಗಳು ಬಿದ್ದವು.

ಇಷ್ಟು ವರ್ಷ ಕಲಿತದ್ದೆಲ್ಲ ಆ ಹನಿಗಳಲ್ಲಿ ತೊಳೆದು ಹೋಯಿತು. ಮಗಳ ಕೈ ಹಾಯಿ ಇಳಿಸುವ ಹಗ್ಗದ ಮೇಲೆ. ನಾನು ಚುಕ್ಕಾಣಿ ಬಿಟ್ಟು ಅರ್ಧ ಎದ್ದು, ಟರ್ಪಾಲಿನ ಕಡೆ ಕೈ ಚಾಚಿಬಿಟ್ಟಿದ್ದೆ. ಒಂದು ಕ್ಷಣ ಇಬ್ಬರೂ ಹಾಗೇ ನಿಂತೆವು. ಒಂದು ಕೂಗು ಕೇಳಬೇಕಿತ್ತು, ಕೇಳುತ್ತಿರಲಿಲ್ಲ.

ಆಗ ಕ್ಯಾಬಿನ್ನಿನ ಬಾಗಿಲಿನಿಂದ ಅತ್ತೆ, ಸೌಟು ಹಿಡಿದ ಕೈ ಮೇಲೆತ್ತಿ, ಕೂಗಿದರು.

"ಕಾಫಿ ಇಲ್ಲ! ಕಾಫಿ ಇಲ್ಲ ಕಣ್ರೇ! ಕೂರು ನೀನು ಅಲ್ಲಿ! ಸೀರೆ ಎತ್ತಿ ಕಟ್ಟಿ ಅದಕ್ಕೆ!"

ನಾನು ಕೂತೆ. ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದು ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿದೆ. ಅವರು ಹಾಗೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ. ಹಾಯಿ ಪಟಪಟ ಬಡಿದುಕೊಂಡಿತು. ಮಗಳು ಅದನ್ನು ಅರ್ಧಕ್ಕೆ ಇಳಿಸಿ, ನಾನು ಹೊಲಿದ ಲಾಡಿಗಳನ್ನು ಒಂದೊಂದಾಗಿ ಕಟ್ಟುತ್ತಾ ಬಂದಳು. ಒಂದೂ ಕಿತ್ತು ಬರಲಿಲ್ಲ. ಮಳೆ ಎಷ್ಟು ದಪ್ಪವಾಗಿ ಸುರಿಯಿತೆಂದರೆ ದೋಣಿಯ ಆ ತುದಿಯಲ್ಲಿದ್ದ ಮಗಳೇ ಮಸುಕಾದಳು. ಕಲ್ಲುಗಳಿಂದ ದೂರ ಹೊರಗಡಲಿಗೆ ಮುಖ ಮಾಡಿ, ಗಿಡ್ಡ ಹಾಯಿಯಲ್ಲಿ ನಿಧಾನವಾಗಿ ಹೋಗುತ್ತಿದ್ದೆವು. ನಾನು ಹೆದರಿದ್ದೆ. ಆದರೆ ಚುಕ್ಕಾಣಿ ಬಿಡಲಿಲ್ಲ. ಮಳೆ ಬಂದಷ್ಟೇ ಬೇಗ ನಮ್ಮನ್ನು ದಾಟಿ ಪಶ್ಚಿಮಕ್ಕೆ ಹೋಯಿತು. ಹಿಂದೆ ಘಟ್ಟದ ಸಾಲು ತೊಳೆದಿಟ್ಟ ಹಾಗೆ ಕಂಡಿತು.

ಮೋಟಾರು ಹಾಕಿ ಅಳಿವೆಗೆ ತಿರುಗಿದಾಗ ಅತ್ತೆ ಬಂದು ನನ್ನ ಪಕ್ಕ ಕೂತರು. ಸೌಟು ಇನ್ನೂ ಕೈಯಲ್ಲೇ ಇತ್ತು.

"ನಾನು ಅವನ ಹಾಗೇ ಕೂಗಿದ್ನಾ?"

"ಅವ್ರಿಗಿಂತ ಜೋರಾಗಿ ಅತ್ತೆ."

"ಅವನಿಗೆ ಗಂಟಲು ಕಮ್ಮಿನೇ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಮಳೆನೀರು ಇತ್ತು, ಒರೆಸಿಕೊಳ್ಳಲು ಕಾರಣವಿತ್ತು. ನಾನೂ ಒರೆಸಿಕೊಂಡೆ.

ದಡದಲ್ಲಿ ಹಾಯಿ ಮಡಚಿದೆವು. ಮೂರು ಮೂಲೆಗೆ ಮೂವರು ಸಾಕಾದೆವು.

ಮನೆಗೆ ಬಂದ ಮೇಲೆ, ಗೋಣಿಯಲ್ಲಿ ಉಳಿದಿದ್ದ ರೋಬಸ್ಟಾ ಕಾಫಿಗೆ ಇನ್ನೊಂದು ಬಿಸಿಲು ಕಾಣಿಸೋಣವೆಂದು ಕಣದಲ್ಲಿ ಹರಡಿದೆವು. ಅದೇ ಮಧ್ಯಾಹ್ನ ಹೋಮ್‌ಸ್ಟೇ ಮಾಲೀಕರು ಉತ್ತರ ಕೇಳಲು ಬಂದರು. ಅವರು ಕಾರಿನಿಂದ ಇಳಿದು ಚಪ್ಪಲಿ ಬಿಡುತ್ತಿದ್ದಾಗ ಎದುರು ಗುಡ್ಡದಲ್ಲಿ ಎಲೆಗಳ ಸದ್ದು ಎದ್ದಿತು.

ಜಗಲಿಯಿಂದ ಅತ್ತೆ ಕೂಗಿದರು. "ಕಾಫಿ ಇಲ್ಲ!"

ಎದ್ದಿದ್ದ ನಾನೂ ಮಗಳೂ ಕೂತುಬಿಟ್ಟೆವು. ಮಾಲೀಕರು ಗಾಬರಿಯಿಂದ, "ಪರವಾಗಿಲ್ಲ ಅಮ್ಮ, ನಂಗೆ ಕಾಫಿ ಬೇಡ, ಈಗ ಕುಡ್ಕೊಂಡೇ ಬಂದೆ," ಎಂದರು.

"ಅಜ್ಜೀ, ಇಲ್ಲಿ ಕಾಫಿ ಇದೆ!" ಎಂದು ಮಗಳು ಚೀರಿದಳು.

ನಾಲ್ವರೂ ಓಡಿದೆವು. ಟರ್ಪಾಲಿನ ಒಂದು ಮೂಲೆ ಮಗಳು, ಒಂದು ನಾನು, ಒಂದು ಅತ್ತೆ. ನಾಲ್ಕನೆಯದನ್ನು, ಯಾರೂ ಹೇಳದಿದ್ದರೂ, ಮಾಲೀಕರು ಹಿಡಿದರು. ಎಷ್ಟಾದರೂ ಕಾಫಿ ಸೀಮೆಯ ಮನುಷ್ಯ. ಅರ್ಧ ಕಾಫಿ ಅಷ್ಟರಲ್ಲಿ ನೆನೆದಿತ್ತು. ಅತ್ತೆ ತಮ್ಮನ್ನೇ ಬೈದುಕೊಳ್ಳುತ್ತಾ ಅಂಚಿಗೆ ಇಡಲು ಕಲ್ಲು ಹುಡುಕುತ್ತಿದ್ದರು. ನಮಗೆ ಮೂವರಿಗೂ ನಗು ತಡೆಯಲಾಗುತ್ತಿರಲಿಲ್ಲ.

ಮಳೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಮಾಲೀಕರು ನನ್ನ ಕಡೆ ನೋಡಿದರು. "ದೋಣಿ ವಿಷಯ ಏನು ಯೋಚನೆ ಮಾಡಿದ್ರಿ?"

"ಕೊಡಲ್ಲ ಸರ್. ಬರೋ ಬೇಸಿಗೆಗೆ ಕೊಚ್ಚಿಗೆ ಹೋಗ್ತೀವಿ."

"ಯಾರು ನಡೆಸ್ತಾರೆ?"

"ನಾನೇ."

ಅವರು ತಲೆಯಾಡಿಸಿದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಒಳ್ಳೇದು. ಹಾಗಾದ್ರೆ ನಾನು ಇದನ್ನ ಬಿಡಬಹುದಾ?"

"ಕಲ್ಲು ಇಡೋ ತನಕ ಹಿಡ್ಕೊಳ್ಳಿ ಮಾರಾಯ್ರೆ," ಎಂದರು ಅತ್ತೆ.